ಸಮುದಾಯ ಭವನಕ್ಕೆ ವಿಮೆ ಮಾಡಿಸುವದು ಅಪನಂಬಿಕೆಯೋ?

ಯಾದಗಿರಿ ಜಿಲ್ಲೆಯ ಸೈದಾಪುರವು ವಾಡಿಯಿಂದ ರಾಯಚೂರಿಗೆ ಹೋಗುವ ರೈಲುದಾರಿಯ ಮೇಲಿರುವ ಊರು. ಅದರ ಸುತ್ತಿನ ಹಳ್ಳಿಗಳಲ್ಲಿ ಜೋಳ, ತೊಗರಿ, ಹತ್ತಿಗಳನ್ನು ಬೆಳೆದು ಜೀವಿಸುವ ಜನರು ಕೈಲಾದಷ್ಟು ಹಣ ಕೂಡಿಸಿ, ತಾವೇ ಕಲ್ಲು ಹೊತ್ತು ನೀರು ತಂದು, ಎಲ್ಲರಿಗೂ ಸೇರಿದ ಒಂದು ಭವನವನ್ನು ಕಟ್ಟಿಕೊಳ್ಳುವದು ಹೊಸ ಸಂಗತಿಯಲ್ಲ. ಅಲ್ಲಿ ಮಕ್ಕಳ ಪಾಠವೂ ಸ್ತ್ರೀಯರ ಕೂಟವೂ ಮದುವೆಯ ಊಟವೂ ನಡೆಯುವವು. ಸತ್ತವರ ಮನೆಯವರು ಅಲ್ಲಿಯೇ ಕೂತು ಸಮಾಧಾನದ ಮಾತು ಕೇಳುವರು. ಬೀಗದ ಕೈ ಒಬ್ಬ ಹಿರಿಯನ ಬಳಿಯಲ್ಲಿ ಇರುವದು. ಕಸ ಗುಡಿಸುವ ತಾಯಿಗೆ ಸಂಬಳವಿಲ್ಲ. ದೀಪದ ತಂತಿ ಕಡಿದರೆ ಸರಿಮಾಡುವ ಯೌವನಸ್ಥನಿಗೆ ಕೂಲಿಯಿಲ್ಲ. ಪ್ರೀತಿಯಿಂದ ಮಾಡಿದ ಸೇವೆಯಿಂದಲೇ ಆ ಮನೆ ನಿಂತಿರುವದು.

ಇಂಥ ಭವನಕ್ಕೆ ವಿಮೆ ಮಾಡಿಸಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದಾಗ ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಬರುತ್ತವೆ. ಒಂದು, “ಹಣ ಎಲ್ಲಿದೆ?” ಎಂಬದು. ಇನ್ನೊಂದು, “ದೇವರಿಗೆ ಒಪ್ಪಿಸಿದ ಮನೆಯನ್ನು ದೇವರೇ ಕಾಯುವನು, ವಿಮೆ ಮಾಡಿಸುವದು ಅಪನಂಬಿಕೆಯ ಗುರುತು” ಎಂಬದು. ಈ ಎರಡನೆಯ ಮಾತನ್ನು ಹೇಳುವವರು ಭಕ್ತಿಯುಳ್ಳವರೇ ಆಗಿರುವದರಿಂದ ನಾವು ಅದನ್ನು ಹಗುರವಾಗಿ ತಳ್ಳಿಬಿಡದೆ ಮೊದಲು ವಿಚಾರಿಸೋಣ.

ನಮ್ಮ ಸೀಮೆಯಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಜನರು ಮಾಳಿಗೆಯ ಮೇಲೆ ಮಲಗುವದುಂಟು. ಇಸ್ರಾಯೇಲ್ಯರ ಮನೆಗಳೂ ಹಾಗೆಯೇ ಮಾಳಿಗೆಯ ಮನೆಗಳಾಗಿದ್ದವು. ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ, ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಕುಂಬಿಯನ್ನು ಕಟ್ಟಬೇಕೆಂದೂ, ಕಟ್ಟದೆ ಯಾವನಾದರೂ ಬಿದ್ದರೆ ರಕ್ತಾಪರಾಧವು ಆ ಮನೆಗೆ ತಗಲುವದೆಂದೂ ಆಜ್ಞೆಯಿದೆ. ಇಲ್ಲಿ ದೇವರು ತನ್ನ ಜನರಿಗೆ, ನನ್ನನ್ನು ನಂಬಿದವನಿಗೆ ಕುಂಬಿ ಬೇಡವೆಂದು ಹೇಳಲಿಲ್ಲ. ನಂಬುವವನೇ ಕುಂಬಿಯನ್ನು ಕಟ್ಟಲಿ ಎಂದನು. ಯಾಕಂದರೆ ಆ ಗೋಡೆ ಯಜಮಾನನ ಭಯಕ್ಕಾಗಿ ಅಲ್ಲ, ಅವನ ಮನೆಗೆ ಬರುವ ನೆರೆಯವನ ಪ್ರಾಣಕ್ಕಾಗಿ.

ಸೈತಾನನು ಕರ್ತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕಿದರೆ ದೂತರು ಕೈಗಳಲ್ಲಿ ಎತ್ತಿಕೊಳ್ಳುವರೆಂದು ಹೇಳಿದ ಸಂಗತಿ ನಮಗೆಲ್ಲರಿಗೂ ತಿಳಿದದೆ. ಕರ್ತನು ಅದನ್ನು ವಿಶ್ವಾಸವೆಂದು ಎಣಿಸಲಿಲ್ಲ, ದೇವರನ್ನು ಪರೀಕ್ಷಿಸುವದೆಂದು ಎಣಿಸಿದನು. ಆದಕಾರಣ ಎಚ್ಚರಿಕೆಯನ್ನು ಬಿಟ್ಟುಬಿಡುವದೆಲ್ಲಾ ನಂಬಿಕೆಯಲ್ಲ.

“ಆದರೆ ಕುಂಬಿ ಬೇರೆ, ವಿಮೆ ಬೇರೆ, ಕುಂಬಿಯು ಬೀಳದಂತೆ ತಡೆಯುವದು, ವಿಮೆಯು ಬಿದ್ದ ಮೇಲೆ ಹಣ ಕೊಡುವದು” ಎಂದು ಒಬ್ಬನು ಹೇಳಿಯಾನು. ಇದು ನ್ಯಾಯವಾದ ಮಾತು. ಹಾಗಾದರೆ ಅಪೊಸ್ತಲರ ಕೃತ್ಯಗಳ 11ನೇ ಅಧ್ಯಾಯವನ್ನು ನೋಡೋಣ. ಅಗಬನೆಂಬ ಪ್ರವಾದಿಯು ಬರಗಾಲ ಬರುವದೆಂದು ಅಂತಿಯೋಕ್ಯದಲ್ಲಿ ತಿಳಿಸಿದಾಗ, ಅಲ್ಲಿಯ ಶಿಷ್ಯರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಯೂದಾಯದ ಸಹೋದರರಿಗೆ ಸಹಾಯ ಕಳುಹಿಸಲು ನಿಶ್ಚಯಿಸಿದರು. ಬರುವ ಕೇಡನ್ನು ತಿಳಿದು, ಅದು ಹೊಟ್ಟೆಯನ್ನು ಸುಡುವದಕ್ಕೆ ಮುಂಚೆಯೇ ಅನೇಕರು ಸ್ವಲ್ಪ ಸ್ವಲ್ಪ ಕೂಡಿಸಿ ಕೆಲವರ ಭಾರವನ್ನು ಹೊರುವದಕ್ಕೆ ಇದಕ್ಕಿಂತ ಒಳ್ಳೇ ಮಾದರಿ ಬೇಕೋ?

ವಿಮೆಯ ಮೂಲತತ್ವವೂ ಇದೇ. ಸ್ಕಾಟ್ಲೆಂಡಿನ ಸಭೆಯ ಬೋಧಕರು 1740ರ ದಶಕದಲ್ಲಿ, ತಮ್ಮಲ್ಲಿ ವರ್ಷಕ್ಕೆ ಎಷ್ಟು ಮಂದಿ ತೀರಿಕೊಳ್ಳುವರು, ಎಷ್ಟು ಮಂದಿ ವಿಧವೆಯರು ಉಳಿಯುವರು ಎಂಬದನ್ನು ಲೆಕ್ಕಹಾಕಿ, ಎಲ್ಲರೂ ವರ್ಷವರ್ಷವೂ ಕಂತು ಕಟ್ಟಿ ಅನಾಥರ ನಿಧಿಯನ್ನು ಸ್ಥಾಪಿಸಿದರು. ಆ ಕೆಲಸದಲ್ಲಿ ಮುಂದಾದ ರಾಬರ್ಟ್ ವಾಲೇಸ್, ಅಲೆಕ್ಸಾಂಡರ್ ವೆಬ್‌ಸ್ಟರ್ ಎಂಬಿಬ್ಬರೂ ದೇವರ ವಾಕ್ಯವನ್ನು ಸಾರುವವರೇ ಆಗಿದ್ದರು. ಲಂಡನ್ ಪಟ್ಟಣದಲ್ಲಿ 1666ರಲ್ಲಿ ಎದ್ದ ಮಹಾ ಬೆಂಕಿಯಲ್ಲಿ ಸಾವಿರಾರು ಮನೆಗಳ ಸಂಗಡ 87 ಸಭಾಮಂದಿರಗಳು ಸುಟ್ಟುಹೋದವು. ಬೆಂಕಿಯು ದೇವರ ಮನೆಯನ್ನು ಬೇರೆಮಾಡಿ ಬಿಡಲಿಲ್ಲ. ಅದಾದ ಕೆಲವು ವರ್ಷಗಳಲ್ಲಿಯೇ ಅಲ್ಲಿ ಬೆಂಕಿಯ ವಿಮೆಯು ಹುಟ್ಟಿತು.

ಈಗ ನಮ್ಮ ಹಳ್ಳಿಯ ರೂಢಿಯನ್ನು ನೆನಸೋಣ. ನಮ್ಮಲ್ಲಿ ಮುಯ್ಯಿ ಎಂಬದುಂಟು. ಇಂದು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರುವಿ. ಒಬ್ಬನ ಗುಡಿಸಲು ಸುಟ್ಟರೆ ಹತ್ತು ಮನೆಯವರು ಕೂಡಿ ಎತ್ತಿ ನಿಲ್ಲಿಸುವರು. ಇದಿರುವಾಗ ದೂರದ ಕಚೇರಿಯವರ ಕಾಗದ ಯಾಕೆ ಎಂದು ಹಿರಿಯರು ಕೇಳುವದು ಸಹಜವೇ. ಮುಯ್ಯಿಯನ್ನು ನಾವು ಬಹಳವಾಗಿ ಗೌರವಿಸುತ್ತೇವೆ. ಆದರೆ ಒಂದು ಮನೆಗೆ ಕೇಡು ಬಂದು ಒಂಬತ್ತು ಮನೆ ಸುಖವಾಗಿರುವಾಗ ಮಾತ್ರ ಮುಯ್ಯಿ ನಡೆಯುವದು. 2009ರ ಸಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲೆಲ್ಲಾ ಸುರಿದ ಮಳೆಯನ್ನು ಯಾರು ಮರೆತರು? ಆಗ ಈ ಸೀಮೆ ಇನ್ನೂ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. 2020ರ ಅಕ್ಟೋಬರದಲ್ಲಿ ಭೀಮೆಯು ಮತ್ತೆ ತುಂಬಿ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಪ್ರವಾಹ ಬಂದ ದಿನ ಕೊಡುವವನ ಕಣಜವೂ ಬೇಡುವವನ ಕಣಜವೂ ಒಂದೇ ನೀರಿನಲ್ಲಿ ಇರುವವು. ಆಗ ಭಾರವನ್ನು ಹೊರುವದಕ್ಕೆ ಮಳೆ ಬೀಳದ ದೇಶದಲ್ಲಿ ಒಬ್ಬ ನೆರೆಯವನು ಬೇಕು. ನಾವು ಮುಖವನ್ನು ಎಂದೂ ನೋಡದ ಆ ನೆರೆಯವನು ವಿಮೆಯ ಮೂಲಕ ನಮಗೆ ಮುಯ್ಯಿ ಸಲ್ಲಿಸುತ್ತಾನೆ, ನಾವೂ ಅವನಿಗೆ ಸಲ್ಲಿಸುತ್ತೇವೆ.

ಗೋಡೆ ಮಾಳಿಗೆಗಳ ವಿಷಯ ಹೀಗಾಯಿತು. ಮನುಷ್ಯರ ವಿಷಯವು ಇದಕ್ಕಿಂತ ಭಾರವಾದದ್ದು. ಕ್ರಿಸ್ಮಸ್ಸಿನ ಮುಂಚಿನ ಸಾಯಂಕಾಲ ಒಬ್ಬ ಯೌವನಸ್ಥನು ಭವನಕ್ಕೆ ದೀಪ ಕಟ್ಟಲು ಏಣಿ ಹತ್ತಿದನೆಂದು ಎಣಿಸಿರಿ. ಏಣಿ ಜಾರಿ ಅವನ ಬೆನ್ನೆಲುಬು ಮುರಿಯಿತು. ಅವನು ಕೂಲಿಯಾಳಲ್ಲ, ಆದದರಿಂದ ಕೂಲಿಯಾಳುಗಳಿಗೆ ದೊರೆಯುವ ಪರಿಹಾರವು ಅವನಿಗೆ ದೊರೆಯುವದು ಕಷ್ಟ. ಸಭೆಯು ಒಂದು ತಿಂಗಳು ಕಾಣಿಕೆ ಎತ್ತುವದು, ಎರಡನೆಯ ತಿಂಗಳು ಪ್ರಾರ್ಥಿಸುವದು, ಆರನೆಯ ತಿಂಗಳು ಅವನ ಮನೆಯ ಮುಂದೆ ಹಾದುಹೋಗಲು ನಾಚುವದು. ಎಲ್ಲರಿಗಾಗಿ ಮಾಡಿದ ಸೇವೆಯ ನಷ್ಟವನ್ನು ಒಬ್ಬನ ಹೆಂಡತಿ ಮಕ್ಕಳ ಮೇಲೆ ಹೊರಿಸುವದು ನ್ಯಾಯವೋ? ಒಬ್ಬರ ಭಾರವನ್ನೊಬ್ಬರು ಹೊರಬೇಕೆಂಬ ಪೌಲನ ಬುದ್ಧಿವಾದವನ್ನು ಪೀಠದಿಂದ ಓದುವ ನಾವು ಇದಕ್ಕೆ ಏನು ಉತ್ತರ ಕೊಡುವೆವು?

ಬಂದ ಅತಿಥಿಗಳಿಗೆ ಕೇಡಾದರೆ ಅಪರಾಧವು ಇನ್ನೂ ದೊಡ್ಡದು. 1995ನೇ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿ ಎಂಬ ಊರಿನ ಒಂದು ಮದುವೆಯ ಮಂಟಪದಲ್ಲಿ ಶಾಲೆಯ ಉತ್ಸವ ನಡೆಯುತ್ತಿದ್ದಾಗ ಬೆಂಕಿ ಹತ್ತಿ, ನಾನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. ಪರಿಹಾರದ ವಿಷಯದಲ್ಲಿ ಹೈಕೋರ್ಟಿನ ತೀರ್ಪು ಬಂದದ್ದು 2009ರಲ್ಲಿ. ನಮ್ಮ ಚಿಕ್ಕ ಭವನಗಳಲ್ಲಿ ಅಷ್ಟು ಜನ ಕೂಡುವದಿಲ್ಲ, ನಿಜ. ಆದರೂ ಬಟ್ಟೆಯ ಚಪ್ಪರ, ಹಳೇ ತಂತಿ, ಒಳಗೇ ಹಚ್ಚಿದ ಗ್ಯಾಸಿನ ಒಲೆ, ಒಂದೇ ಬಾಗಿಲು, ಇವು ನಮ್ಮಲ್ಲಿ ಇಲ್ಲವೆಂದು ಹೇಳಬಲ್ಲೆವೋ?

ಇಲ್ಲಿ ಎರಡು ತಪ್ಪುಗಳಿಂದ ನಮ್ಮನ್ನು ಕಾಪಾಡಿಕೊಳ್ಳಬೇಕು. ಮೊದಲನೆಯದು, ವಿಮೆ ಇದೆಯೆಂದು ಎಚ್ಚರಿಕೆಯನ್ನು ಬಿಡುವದು. ಹಣವು ಗೋಡೆಯನ್ನು ತಿರಿಗಿ ಕಟ್ಟುವದು. ತಾಯಿಗೆ ಮಗುವನ್ನು ತಿರಿಗಿ ಕೊಡಲಾರದು. ಆದದರಿಂದ ಮೊದಲು ಕುಂಬಿ, ಆಮೇಲೆ ಕಾಗದ. ಹಳೇ ತಂತಿಯನ್ನು ತೆಗಿಸಿರಿ, ಎರಡನೆಯ ಬಾಗಿಲನ್ನು ಇಡಿಸಿರಿ, ಒಲೆಯನ್ನು ಹೊರಗೆ ಹಾಕಿಸಿರಿ. ಎರಡನೆಯದು ಸುಳ್ಳು. ವಿಮೆಯ ಒಡಂಬಡಿಕೆಯು ಸತ್ಯದ ಮೇಲೆ ನಿಂತಿರುವದು. ಬರೀ ಪ್ರಾರ್ಥನೆಯ ಮನೆಯೆಂದು ಬರೆಯಿಸಿ ಬಾಡಿಗೆಗೆ ಮದುವೆಗಳನ್ನು ನಡಿಸಿದರೆ, ಕೇಡಿನ ದಿನ ಆ ಕಾಗದ ಕೈಕೊಡಬಹುದು. ಕೈಕೊಡದಿದ್ದರೂ ಅದು ಮೋಸವೇ. ಸುಟ್ಟದ್ದು ಎರಡು ಬೆಂಚು, ಬರೆಯಿಸಿದ್ದು ಹತ್ತು ಬೆಂಚು ಎಂದಾದರೆ, ನಾವು ದೋಚಿದ್ದು ಧನಿಕರ ಪೆಟ್ಟಿಗೆಯನ್ನಲ್ಲ, ನಮ್ಮ ಹಾಗೆಯೇ ಕಂತು ಕಟ್ಟಿದ ಸಾವಿರಾರು ಬಡವರ ಪಾಲನ್ನು.

ಮಾಡಿಸುವವರು ತಿಳಿಯತಕ್ಕ ಕೆಲವು ಸಂಗತಿಗಳುಂಟು. ಭವನವು ಯಾರ ಹೆಸರಿನಲ್ಲಿದೆ ಎಂಬದನ್ನು ಮೊದಲು ಪತ್ರದಲ್ಲಿ ನೋಡಿರಿ. ಆಸ್ತಿಯಲ್ಲಿ ಹಿತವುಳ್ಳವರೇ ಅದಕ್ಕೆ ವಿಮೆ ಮಾಡಿಸಬೇಕು. ತಿರಿಗಿ ಕಟ್ಟಲು ಎಷ್ಟು ಬೇಕೋ ಅಷ್ಟನ್ನೇ ಬರೆಯಿಸಿರಿ. ಅನೇಕ ಪಾಲಿಸಿಗಳಲ್ಲಿ, ಹತ್ತು ಲಕ್ಷದ ಮನೆಯನ್ನು ಐದು ಲಕ್ಷಕ್ಕೆ ಬರೆಯಿಸಿದರೆ, ಎರಡು ಲಕ್ಷದ ನಷ್ಟಕ್ಕೆ ಒಂದೇ ಲಕ್ಷ ದೊರೆಯುವದು. ಬೆಂಕಿಯ ಪಾಲಿಸಿಯು ಕಟ್ಟಡವನ್ನು ನೋಡಿಕೊಳ್ಳುವದೇ ಹೊರತು ಒಳಗೆ ಗಾಯಪಟ್ಟ ಅತಿಥಿಯನ್ನಲ್ಲ. ಅದಕ್ಕೆ ಸಾರ್ವಜನಿಕ ಹೊಣೆಯ ಪಾಲಿಸಿ ಬೇರೆ ಇದೆ. ಪ್ರವಾಹವು ಸೇರಿದೆಯೋ ಎಂದು ಕೇಳದೆ ಸಹಿ ಹಾಕಬೇಡಿರಿ.

“ಹಣ ಎಲ್ಲಿದೆ?” ಎಂಬ ಮೊದಲನೆಯ ಉತ್ತರಕ್ಕೂ ಒಂದು ಮಾತು. ಕಟ್ಟಡದ ವಿಮೆಗೆ ಈ ವರ್ಷ ಶಕ್ತಿಯಿಲ್ಲದಿದ್ದರೆ ಸೇವೆ ಮಾಡುವವರಿಂದ ಆರಂಭಿಸಿರಿ. 2015ರಲ್ಲಿ ಸರಕಾರವು ತೊಡಗಿಸಿದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ, 18ರಿಂದ 70 ವರ್ಷದೊಳಗಿನ, ಬ್ಯಾಂಕಿನಲ್ಲಿ ಖಾತೆಯುಳ್ಳ ಯಾರೇ ಆಗಲಿ ಸೇರಬಹುದು. 2022ರ ಜೂನ್‌ನಿಂದ ವರ್ಷದ ಕಂತು 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಇಲ್ಲವೆ ಪೂರ್ಣ ಅಂಗವಿಕಲರಾದರೆ 2 ಲಕ್ಷ ರೂಪಾಯಿ ದೊರೆಯುವದು. ಆಸ್ಪತ್ರೆಯ ವೆಚ್ಚ ಅದರಲ್ಲಿ ಸೇರಿಲ್ಲ. ಆದರೂ ಗುಡಿಸುವ ತಾಯಿಗೂ ಏಣಿ ಹತ್ತುವ ಹುಡುಗನಿಗೂ ಸಭೆಯು ಇಷ್ಟನ್ನಾದರೂ ತನ್ನ ಕಾಣಿಕೆಯಿಂದ ಕಟ್ಟಲಾರದೋ?

ಕಡೆಗೆ, ಕಂತು ಕಟ್ಟಿದ ಮಾತ್ರಕ್ಕೆ ನಮ್ಮ ಋಣ ತೀರಿತೆಂದು ಯಾರೂ ನೆನಸಬಾರದು. ಬಿದ್ದವನ ಹಾಸಿಗೆಯ ಬಳಿಯಲ್ಲಿ ರಾತ್ರಿ ಕೂತಿರುವದನ್ನು ಯಾವ ಪಾಲಿಸಿಯೂ ಬರಕೊಡುವದಿಲ್ಲ. ಅದು ಯಾವಾಗಲೂ ಸಭೆಯ ಪಾಲೇ. ಆದರೆ ಹಾಗೆ ಕೂತಿರುವವನು ಅವನ ಹೆಂಡತಿಯ ಮುಖವನ್ನು ನಾಚಿಕೆಯಿಲ್ಲದೆ ನೋಡುವಂತೆ, ಮಾಡತಕ್ಕದ್ದನ್ನು ಹಗಲಿರುವಾಗಲೇ ಮಾಡೋಣ. ಮುಂದಿನ ಸಭಾಕೂಟದಲ್ಲಿ ಪ್ರಾರ್ಥನೆಯಾದ ಮೇಲೆ ಹಿರಿಯರು ಎದ್ದು, ಭವನವನ್ನು ಒಮ್ಮೆ ಸುತ್ತಿ ನೋಡಿ, ನಮ್ಮ ಮಾಳಿಗೆಗೆ ಕುಂಬಿ ಇದೆಯೋ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ.