ತಪ್ಪು ಯಾರ ಕೈಯದು?

ಕಳೆದ ಯುಗಾದಿಗೆ ಅಮ್ಮನಿಗೆ ಹೊಸ ಫೋನ್ ಕೊಡಿಸಿದೆ. ಹಳೆಯ ಫೋನಿನ ಪರದೆಯ ಕೆಳಗೆ ಮೂರು ಗುರುತುಗಳಿದ್ದವು: ತ್ರಿಕೋನ, ವೃತ್ತ, ಚೌಕ. ತ್ರಿಕೋನ ಒತ್ತಿದರೆ ಹಿಂದಕ್ಕೆ, ವೃತ್ತ ಒತ್ತಿದರೆ ಮೊದಲಿನ ಜಾಗಕ್ಕೆ. ಇಷ್ಟನ್ನು ಕಲಿಯಲು ಅವಳಿಗೆ ಎರಡು ತಿಂಗಳು ಹಿಡಿದಿತ್ತು. ಹೊಸದರಲ್ಲಿ ಅವು ಇರಲಿಲ್ಲ. ಅಂಚಿನಿಂದ ಒಳಕ್ಕೆ ಬೆರಳು ಸವರಿದರೆ ಹಿಂದಕ್ಕೆ, ಕೆಳಗಿನಿಂದ ಮೇಲಕ್ಕೆ ಸವರಿದರೆ ಮೊದಲಿನ ಜಾಗಕ್ಕೆ. ಹಾಗೆಂದು ಹೇಳುವ ಗುರುತು ಪರದೆಯ ಮೇಲೆ ಇರಲಿಲ್ಲ.

ಒಂದು ವಾರ ಅಮ್ಮನ ಕರೆ ಬರಲಿಲ್ಲ. ತುಮಕೂರಿಗೆ ಹೋಗಿ ನೋಡಿದರೆ ಫೋನು ಬೀರುವಿನೊಳಗಿತ್ತು. "ಏನಾದ್ರೂ ಒತ್ತಿ ಕೆಡಿಸಿಬಿಡ್ತೀನೇನೋ ಅಂತ ಭಯ ಕಣೋ. ನನ್ನ ಕೈನೇ ಸರಿಯಿಲ್ಲ" ಅಂದಳು. ಸವರುವುದನ್ನು ತೋರಿಸಿಕೊಟ್ಟೆ. ನಾಲ್ಕನೇ ಸಲಕ್ಕೆ ರೇಗಿದೆ: "ಇಷ್ಟು ಸುಲಭದ್ದೂ ಗೊತ್ತಾಗಲ್ವೇನಮ್ಮ?" ಅವಳು ಮಾತಾಡದೆ ಎದ್ದು ಅಡುಗೆಮನೆಗೆ ಹೋದಳು.

ಸ್ವಲ್ಪ ಹೊತ್ತಿಗೆ ಮಿಕ್ಸಿಯ ಸದ್ದು ಕೇಳಿಸಿತು. ಅದೂ ಯಂತ್ರವೇ. ಬಲಕ್ಕೆ ತಿರುಗಿಸಿದರೆ ಒಂದು, ಎರಡು, ಮೂರು. ಎಡಕ್ಕೆ ತಿರುಗಿಸಿ ಹಿಡಿದರೆ ಹಿಡಿದಷ್ಟು ಹೊತ್ತು ಮಾತ್ರ. ಅಮ್ಮ ಅದರ ಕಡೆ ನೋಡುವುದೂ ಇಲ್ಲ. ಏನು ಮಾಡಬಹುದು, ಈಗ ಎಲ್ಲಿದ್ದೇವೆ, ನಿಲ್ಲಿಸುವುದು ಹೇಗೆ, ಮೂರನ್ನೂ ಆ ತಿರುಗುಗುಂಡಿಯೇ ಕೈಗೆ ಹೇಳುತ್ತದೆ. ಹಾಗಾದರೆ ಸರಿಯಿಲ್ಲದ್ದು ಅಮ್ಮನ ಕೈಯಲ್ಲ.

ಅಮೆರಿಕದ ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ತಳ್ಳಬೇಕಾದ ಬಾಗಿಲನ್ನು ಎಳೆದು ಪೆಚ್ಚಾಗುವವರ ಬಗ್ಗೆ ಅದರಲ್ಲಿ ಬರೆದಿದ್ದಾರೆ. ಜನ ತಮ್ಮನ್ನೇ ದಡ್ಡರೆಂದುಕೊಳ್ಳುತ್ತಾರೆ, ತಪ್ಪು ಬಾಗಿಲು ಮಾಡಿದ ರೀತಿಯಲ್ಲಿರುತ್ತದೆ ಎಂಬುದು ಅವರ ವಾದ. ಅದನ್ನು ಓದಿ ಒಪ್ಪಿಕೊಂಡಿದ್ದವನು ನಾನು. ಅಮ್ಮನ ಮುಂದೆ ಕೂತಾಗ ಮಾತ್ರ ಬಾಗಿಲಿನ ಪರ ನಿಂತೆ.

ಗುಂಡಿಗಳನ್ನು ತೆಗೆದವರಿಗೂ ಕಾರಣವಿತ್ತು. ಪರದೆಯಲ್ಲಿ ಜಾಗ ಉಳಿಯುತ್ತದೆ, ರೂಢಿಯಾದ ಬೆರಳಿಗೆ ಸವರುವುದು ಹಿತ. ನನಗೂ ಅದೇ ಇಷ್ಟ. ಆದರೆ ನನ್ನ ಹಿತಕ್ಕೆ ಬೆಲೆ ತೆರುವವರು ಯಾರು? ಗ್ಯಾಸ್ ಬುಕ್ ಮಾಡುವುದು, ಬ್ಯಾಂಕಿನ ಒಟಿಪಿ, ಮೊಮ್ಮಗಳ ಮುಖ ನೋಡುವುದು, ಎಲ್ಲಕ್ಕೂ ಈಗ ಅದೇ ಫೋನು. ಬೇಡವೆಂದು ಬೀರುವಿನಲ್ಲಿಟ್ಟರೆ ಇವೆಲ್ಲವೂ ಬೀರು ಸೇರುತ್ತವೆ. ರೂಢಿಯಾದವರ ಅನುಕೂಲಕ್ಕೆ ರೂಢಿಯಾಗದವರು ನಾಚಿಕೆಯ ರೂಪದಲ್ಲಿ ಬೆಲೆ ಕೊಡುತ್ತಾರೆ. ಆ ನಾಚಿಕೆಯೂ ತಾನಾಗಿ ಬರುವುದಿಲ್ಲ. ಫೋನು ಮಾಡಿದವರು ನನ್ನ ಅಮ್ಮನನ್ನು ನೋಡಿದವರಲ್ಲ, ದಡ್ಡಿ ಎಂದವರೂ ಅಲ್ಲ. ಆ ಕೆಲಸ ಮಾಡಿದ್ದು ನಾನು.

ಸಂಜೆ ಫೋನು ಹಿಡಿದು ಕೂತೆ. ಸೆಟ್ಟಿಂಗ್ಸ್‌ನೊಳಗೆ ಹುಡುಕಿದಾಗ ಹಳೆಯ ಮೂರು ಗುಂಡಿಗಳ ಆಯ್ಕೆ ಸಿಕ್ಕಿತು. ಒತ್ತಿದೆ. ತ್ರಿಕೋನ, ವೃತ್ತ, ಚೌಕ ಪರದೆಯ ಕೆಳಗೆ ಬಂದು ಕೂತವು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ತ್ರಿಕೋನ ಒತ್ತಿದಳು, ಹಿಂದಕ್ಕೆ ಬಂತು. ಇನ್ನೊಂದು ಸಲ ಒತ್ತಿದಳು.

"ಇವು ಇದರಲ್ಲೇ ಇದ್ವಾ?"

"ಇದ್ವಮ್ಮ."

"ಮತ್ತೆ ಅವತ್ತೇ ಯಾಕೋ ಹಾಕಿಕೊಡಲಿಲ್ಲ?"

ಹುಡುಕಬೇಕೆಂದು ನನಗೆ ಅನ್ನಿಸಿರಲೇ ಇಲ್ಲ.