ಶ್ರವಣ ಮತ್ತು ಶಬ್ದಪ್ರಮಾಣ: ರೇಡಿಯೊ ಕೇಳಿ ಫಿನ್ನಿಶ್ ಕಲಿಯುವುದು

ರೇಡಿಯೊ, ಪಾಡ್‌ಕಾಸ್ಟ್‌ಗಳನ್ನು ಕೇಳಿಯೇ ಫಿನ್ನಿಶ್ ಕಲಿಯಲು ಹೊರಟವರು ತಿಳಿದೋ ತಿಳಿಯದೆಯೋ ತತ್ತ್ವಶಾಸ್ತ್ರದ ಹಳೆಯ ವಿವಾದವೊಂದಕ್ಕೆ ಕಾಲಿಟ್ಟಿರುತ್ತಾರೆ. ಮಾತು ಕಿವಿಗೆ ಬಿದ್ದಷ್ಟರಿಂದಲೇ ಅರ್ಥ ತಿಳಿಯುತ್ತದೆಯೆ? ತಿಳಿಯಿತು ಎನ್ನಿಸಿದಾಗ ಹಾಗೆ ತಿಳಿಸಿದ್ದು ಮಾತೋ, ಕೇಳುವವರ ಊಹೆಯೋ? ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಫಿನ್ನಿಶ್ ತಕ್ಕ ಭಾಷೆ. ಅದು ಉರಾಲಿಕ್ ಕುಟುಂಬಕ್ಕೆ ಸೇರಿದ್ದು. ಎಸ್ಟೋನಿಯನ್ ಹತ್ತಿರದ ನೆಂಟ, ಹಂಗೇರಿಯನ್ ದೂರದ ನೆಂಟ. ಕನ್ನಡ, ಸಂಸ್ಕೃತ, ಇಂಗ್ಲಿಷ್ ಬಲ್ಲವರಿಗೂ ಅದರಲ್ಲಿ ಗುರುತಿನ ಪದಗಳು ಸಿಗುವುದು ಕಡಿಮೆ.

ಧ್ವನಿಯ ಮಟ್ಟದಲ್ಲಿ ಮಾತ್ರ ಈ ಭಾಷೆ ಕಿವಿಗೆ ಬಹಳ ಉಪಕಾರಿ. ಒತ್ತು ಯಾವಾಗಲೂ ಪದದ ಮೊದಲ ಅಕ್ಷರದ ಮೇಲೆ ಬೀಳುವುದರಿಂದ ಪದ ಎಲ್ಲಿ ಶುರುವಾಯಿತೆಂದು ಹೊಸಬರಿಗೂ ಅಂದಾಜಾಗುತ್ತದೆ. ಹ್ರಸ್ವ ದೀರ್ಘಗಳೂ ಒತ್ತಕ್ಷರಗಳೂ ಅರ್ಥವನ್ನೇ ಬದಲಿಸುತ್ತವೆ: ‘ಕುಕ’ ಎಂದರೆ ಯಾರು, ‘ಕುಕ್ಕ’ ಎಂದರೆ ಹೂ, ‘ತಪಾನ್’ ಎಂದರೆ ಭೇಟಿಯಾಗುತ್ತೇನೆ, ‘ತಪನ್’ ಎಂದರೆ ಕೊಲ್ಲುತ್ತೇನೆ. ಇಂಥ ವ್ಯತ್ಯಾಸ ಕನ್ನಡದ ಕಿವಿಗೆ ಹೊಸದಲ್ಲ. ಅರ್ಥದ ನೆರವಿಲ್ಲದೆಯೂ ಧ್ವನಿಯ ಹರಿವನ್ನು ಪದಗಳಾಗಿ ಕತ್ತರಿಸಬಹುದೆಂದು 1996ರಲ್ಲಿ ಜೆನ್ನಿ ಸ್ಯಾಫ್ರನ್ ಮತ್ತು ಸಂಗಡಿಗರು ತೋರಿಸಿದರು. ಎಂಟು ತಿಂಗಳ ಕೂಸುಗಳು ಎರಡೇ ನಿಮಿಷ ಕೇಳಿದ ಅರ್ಥಹೀನ ಅಕ್ಷರಮಾಲೆಯಲ್ಲಿ, ಯಾವ ಅಕ್ಷರದ ಬೆನ್ನಿಗೆ ಯಾವುದು ಬರುತ್ತದೆಂಬುದನ್ನು ಹಿಡಿದು ಪದಗಳನ್ನು ಬೇರ್ಪಡಿಸಿದ್ದವು. ಆದರೆ ಬೇರ್ಪಟ್ಟ ಪದ ಇನ್ನೂ ತಿಳಿದ ಪದವಲ್ಲ.

ಪದಕ್ಕೂ ಅರ್ಥಕ್ಕೂ ನಂಟು ಬೆಸೆಯುವುದು ಹೇಗೆ? ಮೀಮಾಂಸಕರ ಉತ್ತರ ವೃದ್ಧವ್ಯವಹಾರ, ಎಂದರೆ ಹಿರಿಯರ ಮಾತಿನ ಬಳಕೆ. ಹಿರಿಯನೊಬ್ಬ ‘ಹಸುವನ್ನು ತಾ’ ಎನ್ನುತ್ತಾನೆ, ಇನ್ನೊಬ್ಬ ಹೋಗಿ ತರುತ್ತಾನೆ, ಮಗು ನೋಡುತ್ತಿರುತ್ತದೆ. ಆಮೇಲೆ ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳು ಬರುತ್ತವೆ. ಒಂದು ಪದ ಉಳಿದು ಇನ್ನೊಂದು ಬದಲಾದಾಗ ನಡೆಯುವ ಕೆಲಸದಲ್ಲೂ ಏನೋ ಒಂದು ಬದಲಾಗುವುದನ್ನು ಕಂಡು ಮಗು ಅರ್ಥವನ್ನು ಬಿಡಿಸಿಕೊಳ್ಳುತ್ತದೆ. ಪದಗಳು ವಾಕ್ಯದ ಸಂಬಂಧದೊಳಗೇ ಅರ್ಥ ಕೊಡುತ್ತವೆ ಎಂದು ಮೀಮಾಂಸಕ ಪ್ರಭಾಕರ ವಾದಿಸಿದ್ದಕ್ಕೆ ಈ ದೃಶ್ಯವೇ ಆಧಾರ. ಅಗಸ್ಟೀನ್ ಕೂಡ ತನ್ನ ಆತ್ಮಕಥನದಲ್ಲಿ ಹಿರಿಯರ ಮಾತು, ಸನ್ನೆಗಳನ್ನು ನೋಡಿ ಕಲಿತದ್ದನ್ನು ವಿವರಿಸಿದ್ದಾನೆ. ವಿಟ್‌ಗೆನ್‌ಸ್ಟೈನ್ 1953ರಲ್ಲಿ ಪ್ರಕಟವಾದ ತನ್ನ ಗ್ರಂಥವನ್ನು ಆ ವಿವರಣೆಯಿಂದಲೇ ಆರಂಭಿಸಿ, ವಸ್ತುವಿಗೆ ಹೆಸರು ಅಂಟಿಸುವುದಷ್ಟೇ ಭಾಷೆಯಲ್ಲ, ಬಳಕೆಯಲ್ಲಿ ಪಾಲುಗೊಳ್ಳುವುದು ಭಾಷೆ ಎಂದು ತಿದ್ದಿದ. ಮೂವರಿಗೂ ಸಮ್ಮತವಾದ ಅಂಶವೆಂದರೆ ಮಾತಿನ ಜೊತೆಗೆ ಒಂದು ಲೋಕ ಇರಬೇಕು ಎಂಬುದು. 2003ರ ಒಂದು ಪ್ರಯೋಗದಲ್ಲಿ ಪೆಟ್ರೀಶಿಯಾ ಕೂಲ್ ಮತ್ತು ಸಂಗಡಿಗರು ಕಂಡದ್ದೂ ಗಮನಾರ್ಹ: ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳು ಎದುರಿಗೆ ಕೂತು ಆಡಿಸಿದವರಿಂದ ಚೀನೀ ಧ್ವನಿಭೇದಗಳನ್ನು ಕಲಿತವು, ಅದನ್ನೇ ಧ್ವನಿಮುದ್ರಣದಿಂದ ಕೇಳಿಸಿದಾಗ ಕಲಿಯಲಿಲ್ಲ.

ರೇಡಿಯೊದಲ್ಲಿ ಹಸು ಕಾಣುವುದಿಲ್ಲ. ಆದರೂ ವಯಸ್ಕರು ಅದರಿಂದ ಕಲಿಯುತ್ತಾರೆ, ಏಕೆಂದರೆ ಲೋಕವನ್ನು ಅವರು ತಮ್ಮ ಜೊತೆಗೇ ತಂದಿರುತ್ತಾರೆ. 1926ರಲ್ಲಿ ಆರಂಭವಾದ ಫಿನ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಯೂಲೆ, ‘ಸೆಲ್ಕೊಊತಿಸೆತ್’ ಎಂಬ ಸರಳ ಭಾಷೆಯ ವಾರ್ತೆಯನ್ನು ನಿಧಾನಗತಿಯಲ್ಲಿ ಓದುತ್ತದೆ. ಅದರಲ್ಲಿ ಬರುವುದು ಕೇಳುಗರಿಗೆ ಬಹುಪಾಲು ಪರಿಚಿತವಾದ ಸಂಗತಿಗಳೇ: ಅಧ್ಯಕ್ಷರ ಹೆಸರು, ಯುದ್ಧ, ಚುನಾವಣೆ, ಕೊನೆಗೆ ಹವಾಮಾನ. 2023ರ ಏಪ್ರಿಲ್ 4ರಂದು ಫಿನ್ಲೆಂಡ್ ನ್ಯಾಟೊ ಸೇರಿದ ಸುದ್ದಿ ಕೇಳಿದ ಹೊಸಬನಿಗೆ ‘ಸುಓಮಿ’ (ಫಿನ್ಲೆಂಡ್), ‘ನ್ಯಾಟೊ’ ಎಂಬ ಎರಡು ಹೆಸರು ಕಿವಿಗೆ ಬಿದ್ದರೆ ಸಾಕು, ವಾಕ್ಯ ಮೂಡಿಬಿಡುತ್ತದೆ.

ಇದು ನಿಜವಾಗಿ ಮಾತಿನಿಂದ ಬಂದ ಜ್ಞಾನವೆ? ವೈಶೇಷಿಕರು ಶಬ್ದವನ್ನು, ಎಂದರೆ ಮಾತನ್ನು, ಪ್ರತ್ಯೇಕ ಪ್ರಮಾಣವೆಂದು (ಜ್ಞಾನಸಾಧನವೆಂದು) ಒಪ್ಪದೆ ಅನುಮಾನದಲ್ಲಿ, ಎಂದರೆ ತರ್ಕದ ಊಹೆಯಲ್ಲಿ, ಸೇರಿಸುತ್ತಾರೆ. ನೈಯಾಯಿಕರು ಅದು ಸ್ವತಂತ್ರ ಪ್ರಮಾಣವೆಂದು ಹಟ ಹಿಡಿಯುತ್ತಾರೆ. ಕಲಿಕೆಯ ಮೊದಲ ಹಂತದಲ್ಲಿ ವೈಶೇಷಿಕರ ಮಾತೇ ಸರಿ ಎನ್ನಬೇಕಾಗುತ್ತದೆ. ಕೇಳುಗ ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ ಹೆಸರು ಕೇಳಿ ಸುದ್ದಿಯನ್ನು ಊಹಿಸುತ್ತಾನೆ. ಊಹಿಸಲಾಗದ ಸಂಗತಿಯೊಂದನ್ನು ವಾಕ್ಯವೇ ತಿಳಿಸಿಕೊಟ್ಟ ದಿನ ನೈಯಾಯಿಕರ ಶಬ್ದಪ್ರಮಾಣ ಅವನಿಗೆ ದಕ್ಕುತ್ತದೆ. ಕಲಿಕೆಯ ಗಡಿರೇಖೆ ಇರುವುದು ಇಲ್ಲೇ; ಎಷ್ಟು ಗಂಟೆ ಕೇಳಿದರೆಂಬುದಕ್ಕಿಂತ ಇದು ಮುಖ್ಯ.

ಆ ಗಡಿಯನ್ನು ದಾಟಿಸುವುದು ಬಹುಮಟ್ಟಿಗೆ ಪ್ರತ್ಯಯಗಳು. ಫಿನ್ನಿಶ್‌ಗೆ ಹದಿನೈದು ವಿಭಕ್ತಿಗಳನ್ನು ಹೇಳುವುದು ವಾಡಿಕೆ. ‘ತಲೊಸ್ಸ’ ಮನೆಯಲ್ಲಿ, ‘ತಲೊಸ್ತ’ ಮನೆಯಿಂದ, ‘ತಲೋನ್’ ಮನೆಗೆ. ವಾಕ್ಯಾರ್ಥಕ್ಕೆ ಆಕಾಂಕ್ಷೆ (ಪದಗಳ ಪರಸ್ಪರ ನಿರೀಕ್ಷೆ), ಯೋಗ್ಯತೆ (ಅರ್ಥಗಳ ಹೊಂದಾಣಿಕೆ), ಸನ್ನಿಧಿ (ಪದಗಳ ಸಾಮೀಪ್ಯ) ಬೇಕು ಎನ್ನುತ್ತದೆ ಭಾರತೀಯ ಶಾಸ್ತ್ರ. ವಾರ್ತೆ ಕೇಳುವ ಹೊಸಬ ಯೋಗ್ಯತೆಯ ಮೇಲೆಯೇ, ಎಂದರೆ ಹೀಗಿರುವುದು ಸಂಭವವೆಂಬ ಭಾವನೆಯ ಮೇಲೆಯೇ ನಡೆಯುತ್ತಾನೆ. ಆಕಾಂಕ್ಷೆಯನ್ನು ಪೂರೈಸುವ ಪ್ರತ್ಯಯ ಪದದ ಕೊನೆಯಲ್ಲಿ ಅಡಗಿರುವುದರಿಂದ ಅದನ್ನು ಅಲ್ಲಿಯತನಕ ಕಾದು ಕೇಳಬೇಕು. ಕನ್ನಡದಲ್ಲೂ ವಿಭಕ್ತಿ ಪ್ರತ್ಯಯ ಪದದ ಕೊನೆಗೇ ಬರುವುದರಿಂದ ಕನ್ನಡಿಗರಿಗೆ ಈ ಕಾಯುವಿಕೆ ಹುಟ್ಟಿನಿಂದ ಬಂದದ್ದು.

ಪಾಡ್‌ಕಾಸ್ಟ್‌ಗಳಲ್ಲಿ ಊಹೆಯ ಆಸರೆ ಕಳಚಿಬೀಳುತ್ತದೆ. ಇಬ್ಬರು ಗೆಳೆಯರ ಹರಟೆ ಎತ್ತ ತಿರುಗುವುದೋ ಯಾರೂ ಬಲ್ಲವರಿಲ್ಲ. ಭಾಷೆಯೂ ಬೇರೆ: ಪುಸ್ತಕದ ‘ಮಿನ್ಯ ಒಲೆನ್’ ಅಲ್ಲಿ ‘ಮ್ಯಾ ಓನ್’ ಆಗಿರುತ್ತದೆ. ವಾರ್ತೆಯನ್ನು ಸಲೀಸಾಗಿ ಕೇಳುವವರೂ ಇಲ್ಲಿ ಮುಗ್ಗರಿಸುತ್ತಾರೆ. ಎಷ್ಟು ಭಾಷೆಯಿಂದ ಬಂದಿತ್ತು, ಎಷ್ಟು ಊಹೆಯಿಂದ ಎಂಬುದು ಆಗ ಬಯಲಾಗುತ್ತದೆ.

ಬರೀ ಕೇಳುತ್ತಿದ್ದರೆ ಸಾಕೆ ಎಂಬ ಪ್ರಶ್ನೆಯನ್ನು ಅದ್ವೈತಿಗಳು ಬೇರೊಂದು ಗುರಿಗಾಗಿ ಕೇಳಿದ್ದರು. ಶ್ರವಣ (ಕೇಳುವುದು), ಮನನ (ವಿಚಾರಿಸುವುದು), ನಿದಿಧ್ಯಾಸನ (ಧ್ಯಾನಿಸುವುದು) ಇವುಗಳಲ್ಲಿ ಅದ್ವೈತದ ವಿವರಣ ಪ್ರಸ್ಥಾನ ಶ್ರವಣಕ್ಕೆ ಪ್ರಾಧಾನ್ಯ ಕೊಟ್ಟರೆ, ಭಾಮತೀ ಪ್ರಸ್ಥಾನ ಮನಸ್ಸನ್ನು ಹದಗೊಳಿಸುವ ನಿದಿಧ್ಯಾಸನಕ್ಕೆ ಕೊಟ್ಟಿತು. ಬ್ರಹ್ಮಜ್ಞಾನದ ಮಾತನ್ನು ಭಾಷಾಕಲಿಕೆಗೆ ಹಾಗೆಯೇ ಹೊಂದಿಸಲಾಗದು. ಆದರೂ ಮನನವಿಲ್ಲದ ಶ್ರವಣ ಇಲ್ಲಿ ಬೇಗ ಬರಿದಾಗುತ್ತದೆ. ಉದಾಹರಣೆಗೆ, ಯೂಲೆ ರೇಡಿಯೊ 1 ಪ್ರಸಾರ ಮಾಡುವ ಭಾನುವಾರದ ಆರಾಧನೆಯಲ್ಲಿ ಒಂದೇ ಪ್ರಾರ್ಥನೆ ವಾರವಾರವೂ ಬರುತ್ತದೆ. ಅರ್ಥ ಅರಿಯದವರಿಗೂ ಅದು ಬಾಯಿಪಾಠವಾಗಬಲ್ಲುದು. ಜನ ತಮ್ಮ ಮಾತಿನಲ್ಲೇ ಪ್ರಾರ್ಥನೆಯನ್ನು ಅರಿಯಬೇಕೆಂದು ಬಯಸಿದ ಮಿಕಾಯೆಲ್ ಅಗ್ರಿಕೊಲ 1548ರಲ್ಲಿ ಹೊಸ ಒಡಂಬಡಿಕೆಯನ್ನು ಫಿನ್ನಿಶ್‌ನಲ್ಲಿ ಪ್ರಕಟಿಸಿದ್ದ. ಆ ಬಯಕೆಯ ದೃಷ್ಟಿಯಿಂದ ನೋಡಿದರೆ ಅಂಥ ಬಾಯಿಪಾಠ ಅರ್ಧ ದಾರಿಯಷ್ಟೇ.

ರೇಡಿಯೊದ ನಿಜವಾದ ಕೊರತೆ ಎಂದರೆ ತಪ್ಪು ತಿಳಿದರೆ ಅದು ತಿದ್ದುವುದಿಲ್ಲ. ಸರಿಯಾಗಿ ತಿಳಿದೆನೆಂಬ ಭಾವನೆ ಸರಿಯಾಗಿ ತಿಳಿದುದಕ್ಕೆ ಸಾಕ್ಷಿಯಲ್ಲ. ಸರಳ ವಾರ್ತೆಯ ಬರಹರೂಪವನ್ನೂ ಯೂಲೆ ಪ್ರಕಟಿಸುವುದರಿಂದ, ಮೊದಲು ಕೇಳಿ, ತಿಳಿದದ್ದನ್ನು ಹೇಳಿಕೊಂಡು, ಆಮೇಲೆ ಓದಿ ನೋಡಿದರೆ ಊಹೆ ಎಲ್ಲಿ ಮಾತನ್ನು ಮೀರಿತೆಂದು ಗೊತ್ತಾಗುತ್ತದೆ. ಹೆಲ್ಸಿಂಕಿ, ಎಸ್ಪೂಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂಗ್ಲಿಷಿನಲ್ಲೇ ದಿನ ಕಳೆಯುವ ವಲಸಿಗರಿಗೆ, ಕನ್ನಡಿಗರಿಗೂ, ಹೀಗೆ ಕೇಳಿದ್ದನ್ನು ಬರಹದೊಡನೆ ಹೋಲಿಸಿ ನೋಡುವುದು ವಿಶೇಷವಾಗಿ ಬೇಕು. ಅವರಿಗೆ ವೃದ್ಧವ್ಯವಹಾರ ಸಿಗುವುದು ಅಂಗಡಿ, ಬಸ್ಸು, ಮಕ್ಕಳ ಶಾಲೆಯ ಸಭೆಗಳಲ್ಲಿ. ಅಲ್ಲಿ ತಪ್ಪಾಗಿ ಕೇಳಿದ ಪ್ರತ್ಯಯಕ್ಕೆ ಎದುರಿನವರ ಮುಖದಲ್ಲೇ ಉತ್ತರವಿರುತ್ತದೆ.