ಮುನ್ನೂರು ರೂಪಾಯಿಯ ಚೀಲ

"ನಿಮಗೇನು ದುಡ್ಡಿಗೆ ಬರವೇ? ನೂಲಿನ ಖರ್ಚು ಬಂದರೆ ಸಾಕಲ್ಲ!" ಎದುರುಮನೆಯಾಕೆ ನಗುತ್ತ ಆಡಿದ ಈ ಮಾತು ಅಂದು ನನಗೆ ಹೊಗಳಿಕೆಯಂತೆ ಕೇಳಿಸಿತು. ಹಿಗ್ಗಿ, "ಮುನ್ನೂರು ಕೊಡಿ ಸಾಕು" ಎಂದುಬಿಟ್ಟೆ. ಮಗನ ಗೃಹಪ್ರವೇಶಕ್ಕೆ ಬರುವ ಹನ್ನೊಂದು ಮುತ್ತೈದೆಯರಿಗೆ ತಾಂಬೂಲದ ಜೊತೆ ಕೊಡಲು ಹನ್ನೊಂದು ಹೆಗಲಚೀಲ ಬೇಕಾಗಿತ್ತು ಆಕೆಗೆ. ನಾನೇ ನೇಯ್ದು, ನಾನೇ ಹೊಲಿದ ಚೀಲ.

ಮಗ್ಗ ಎಂದೊಡನೆ ನೀವು ಗುಂಡಿ ಮಗ್ಗವನ್ನು ನೆನೆಸಿಕೊಳ್ಳಬೇಡಿ. ನನ್ನದು ಊಟದ ಮೇಜಿನ ಮೇಲೆ ಕೂರುವ ಗೇಣುದ್ದದ ಆಳು. ನ್ಯೂಜಿಲೆಂಡಿನಲ್ಲಿ ತಯಾರಾದದ್ದು, 'ರಿಜಿಡ್ ಹೆಡಲ್' ಮಗ್ಗ ಎನ್ನುತ್ತಾರೆ. ಅಮೆರಿಕದಲ್ಲಿರುವ ಮಗಳು ಒಂದು ಚಳಿಗಾಲದಲ್ಲಿ ಹುರುಪಿನಿಂದ ಕೊಂಡು, ಎರಡು ಮಫ್ಲರು ನೇಯ್ದು, ಅಟ್ಟಕ್ಕೆ ಹಾಕಿದ್ದಳು. ಬಾಣಂತನಕ್ಕೆ ಹೋದ ನಾನು ಅದನ್ನು ಮಡಚಿ ಸೂಟ್‌ಕೇಸಿನಲ್ಲಿ ಶಿವಮೊಗ್ಗಕ್ಕೆ ತಂದೆ. "ಇಷ್ಟು ದೊಡ್ಡ ಬಾಚಣಿಗೆ ಯಾರ ತಲೆಗೆ?" ಎಂದರು ಇವರು.

ಬಾಚಣಿಗೆ ಎಂದದ್ದು ತಪ್ಪೇನಲ್ಲ. ಇಡೀ ಮಗ್ಗದ ಜೀವ ಇರುವುದೇ ಆ ಹಲಗೆಯಲ್ಲಿ. ಒಂದು ತೂತು, ಒಂದು ಸೀಳು, ಮತ್ತೆ ತೂತು, ಮತ್ತೆ ಸೀಳು. ತೂತಿನಲ್ಲಿ ಪೋಣಿಸಿದ ಎಳೆ ಹಲಗೆಯೊಂದಿಗೆ ಏಳುತ್ತದೆ, ಇಳಿಯುತ್ತದೆ; ಸೀಳಿನ ಎಳೆ ಇದ್ದಲ್ಲೇ ಇರುತ್ತದೆ. ನಡುವೆ ಬಿದ್ದ ಸಂದಿನಲ್ಲಿ ಲಾಳಿ ತೂರಿಸಿ, ಅದೇ ಹಲಗೆಯಿಂದ ಹೊಕ್ಕನ್ನು ಒತ್ತಬೇಕು. ಕಾಲಿಗೆ ಕೆಲಸವಿಲ್ಲ. ಆದರೆ ಹಾಸು ಹೂಡುವುದಿದೆಯಲ್ಲ, ಅದು ತಾಳ್ಮೆಯ ಪರೀಕ್ಷೆ. ಹದಿನೈದು ಅಂಗುಲ ಅಗಲ, ಅಂಗುಲಕ್ಕೆ ಹತ್ತರಂತೆ 150 ಎಳೆ, ಒಂದೊಂದೂ ಎರಡೂವರೆ ಗಜ. ಇಷ್ಟು ಮಾಡಿದರೂ ಕೊನೆಯ ಸುಮಾರು ಅರ್ಧ ಗಜ ನೇಯಲು ಬಾರದೆ ಮಗ್ಗಕ್ಕೇ ಆಹುತಿ. ಮೊದಲ ಬಟ್ಟೆಯಲ್ಲಿ ಹೊಕ್ಕನ್ನು ಬಿಗಿಯಾಗಿ ಎಳೆದೆಳೆದು, ಹದಿನೈದು ಅಂಗುಲದಲ್ಲಿ ಹೊರಟವಳು ಹದಿಮೂರಕ್ಕೆ ಬಂದು ನಿಂತಿದ್ದೆ. ಅಂಚು ನೋಡಿದರೆ ಬೆಟ್ಟದ ಸಾಲು.

ಬಟ್ಟೆಯೇನೋ ಆಯಿತು, ಕತ್ತರಿ ಹಾಕಲು ಧೈರ್ಯ ಬರಲಿಲ್ಲ. ಕೈಯಾರೆ ನೇಯ್ದದ್ದು, ಕತ್ತರಿಸಿದರೆ ಎಳೆ ಎಳೆಯಾಗಿ ಬಿಚ್ಚಿಹೋದರೆ? ನಮ್ಮ ಹಿಂದಿನ ಬೀದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಹೆಣ್ಣುಮಗಳೊಬ್ಬಳಿದ್ದಾಳೆ. ಗಂಡ ತೀರಿಕೊಂಡ ಮೇಲೆ ಆ ಯಂತ್ರದ ಮೇಲೆಯೇ ಇಬ್ಬರು ಮಕ್ಕಳನ್ನು ಓದಿಸುತ್ತಿರುವವಳು. ಅವಳ ಬಳಿ ಹೋದೆ. "ಮೊದಲು ತೊಳೆದು ಒಣಗಿಸಿ ಅಕ್ಕಾ, ಎಷ್ಟು ಕುಗ್ಗುತ್ತದೋ ಕುಗ್ಗಲಿ" ಎಂದಳು. ಕತ್ತರಿಸುವ ಗೆರೆಯ ಎರಡೂ ಬದಿಗೆ ಜಿಗ್‌ಜಾಗ್ ಹೊಲಿಗೆ ಹಾಕಿ, ನಡುವೆ ಕತ್ತರಿ ಆಡಿಸಿದಳು. ಒಂದೆಳೆಯೂ ಬಿಚ್ಚಲಿಲ್ಲ. ಹಿಡಿಕೆಯ ಪಟ್ಟಿಯನ್ನು ಬಾಯಿಗಷ್ಟೇ ಹೊಲಿಯದೆ ಚೀಲದ ಅಡಿಯವರೆಗೂ ಇಳಿಸಿ, ಆಚೆಯಿಂದ ಮೇಲಕ್ಕೆ ತರಬೇಕು, ಆಗ ತೆಂಗಿನಕಾಯಿ ಹಾಕಿದರೂ ಭಾರ ಪಟ್ಟಿಯ ಮೇಲೆ ಬೀಳುತ್ತದೆ, ನೇಯ್ಗೆಯ ಮೇಲಲ್ಲ ಎಂಬುದನ್ನೂ ಅವಳೇ ಕಲಿಸಿದ್ದು. ಲೈನಿಂಗ್ ಕೂರಿಸುವುದು ಕಲಿಯಲು ನಾಲ್ಕು ಮಧ್ಯಾಹ್ನ ಹೋಗಿ ಕೂತೆ. ಒಂದು ಕಾಸು ತೆಗೆದುಕೊಳ್ಳಲಿಲ್ಲ. "ನಿಮ್ಮ ಹತ್ತಿರ ಎಂಥ ದುಡ್ಡು ಅಕ್ಕಾ" ಎಂದಳು.

ಗೃಹಪ್ರವೇಶದ ಚೀಲದ ಮಾತು ಮೊದಲು ಅವಳ ಜೊತೆಯೇ ಆಗಿತ್ತೆಂದು ನನಗೆ ತಿಳಿದದ್ದು ಆಮೇಲೆ. ಕೈಮಗ್ಗದ ಬಟ್ಟೆ ತಂದು ಹೊಲಿದುಕೊಡಲು ಮುನ್ನೂರೈವತ್ತು ಹೇಳಿದ್ದಳಂತೆ. ಎದುರುಮನೆಯಾಕೆ, "ಕೈಯಲ್ಲಿ ನೇಯ್ದದ್ದೇ ಮುನ್ನೂರಕ್ಕೆ ಸಿಗುತ್ತಿದೆಯಲ್ಲ!" ಎಂದಳಂತೆ. ದಾರಿಯಲ್ಲಿ ಸಿಕ್ಕ ಹೊಲಿಗೆಯವಳು ಜಗಳ ಮಾಡಲಿಲ್ಲ. ತೀರ ಮೆತ್ತಗೆ ಕೇಳಿದಳು: "ಅಕ್ಕಾ, ನೀವು ಮುನ್ನೂರಕ್ಕೆ ಕೊಟ್ಟರೆ ನಾನು ಎಷ್ಟಕ್ಕೆ ಕೊಡಲಿ?"

ಆ ರಾತ್ರಿ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದು ನೋಡಿದೆ. ನೂಲು, ಲೈನಿಂಗ್, ಪಟ್ಟಿ ಸೇರಿ ಒಂದು ಚೀಲಕ್ಕೆ 280 ರೂಪಾಯಿ. ಹೂಡುವುದು, ನೇಯುವುದು, ಹೊಲಿಯುವುದು ಸೇರಿ ಹನ್ನೆರಡು ಗಂಟೆ. ಅಂದರೆ ಹನ್ನೆರಡು ಗಂಟೆಯ ದುಡಿಮೆಗೆ ನಾನೇ ಇಟ್ಟುಕೊಂಡ ಕೂಲಿ ಇಪ್ಪತ್ತು ರೂಪಾಯಿ! ನನ್ನ ಕೂಲಿ ನಾನು ಬಿಟ್ಟರೆ ಯಾರಿಗೇನು ನಷ್ಟ ಎಂದು ವಾದಿಸಿಕೊಂಡೆ. ಆದರೆ ನಾನು ಬಿಟ್ಟದ್ದು ನನ್ನ ಕೂಲಿಯನ್ನು ಮಾತ್ರವೇ? ಯಜಮಾನರ ಪಿಂಚಣಿ ನನ್ನ ಅನ್ನದ ಖರ್ಚು ನೋಡಿಕೊಳ್ಳುತ್ತದೆ. ಆ ಪಿಂಚಣಿಯ ಬಲದಿಂದ ನಾನು ಕಡಿಮೆ ಮಾಡಿದ ಬೆಲೆಯನ್ನು, ಪಿಂಚಣಿಯಿಲ್ಲದವಳು ಸರಿಗಟ್ಟಬೇಕು. ಇದನ್ನು ಔದಾರ್ಯ ಎನ್ನಲು ನಾಲಗೆ ಏಳಲಿಲ್ಲ.

ಹಳೆಯದೊಂದು ನೆನಪೂ ಚುಚ್ಚಿತು. ವರ್ಷಗಳ ಹಿಂದೆ ಇಳಕಲ್ಲಿನಲ್ಲಿ ಸೀರೆಗೆ ಚೌಕಾಸಿ ಮಾಡಿ ಇನ್ನೂರು ರೂಪಾಯಿ ಇಳಿಸಿ, ಬಸ್ಸಿನುದ್ದಕ್ಕೂ ಬೀಗಿದ್ದೆ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕುಣಿಕೆಗೆ ಕುಣಿಕೆ ಕೂಡಿಸುವ ಸೀರೆ ಅದು. 150 ಎಳೆ ಪೋಣಿಸಲು ಬೆನ್ನು ಹಿಡಿದುಕೊಂಡ ಮೇಲೆ ಆ ಇನ್ನೂರು ರೂಪಾಯಿ ಯಾರ ಬೆನ್ನಿನದು ಎಂದು ತಿಳಿಯಿತು.

ದೊಡ್ಡವರೂ ಈ ಲೆಕ್ಕದಲ್ಲಿ ತಲೆ ಕೆಡಿಸಿಕೊಂಡಿದ್ದರು. 1935ರಲ್ಲಿ ಗಾಂಧೀಜಿ, ನೂಲುವ ಹೆಂಗಸಿಗೆ ಎಂಟು ಗಂಟೆಯ ಕೆಲಸಕ್ಕೆ ಎಂಟಾಣೆ ಸಿಗಬೇಕೆಂದು ಹಟ ಹಿಡಿದಾಗ, ಖಾದಿ ತುಟ್ಟಿಯಾದರೆ ಕೊಳ್ಳುವವರಾರು ಎಂದು ಅವರ ಜೊತೆಯವರೇ ಹೆದರಿದರು. ಇತ್ತ 2017ರಲ್ಲಿ ನಮ್ಮ ಜಿಲ್ಲೆಯ ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಅವರು ಕೈಉತ್ಪನ್ನಕ್ಕೆ ಜಿಎಸ್‌ಟಿ ಬೇಡವೆಂದು ಉಪವಾಸ ಕೂತರು. ಪತ್ರಿಕೆಯಲ್ಲಿ ಓದಿ "ಪಾಪ, ನ್ಯಾಯವೇ" ಎಂದು ಪುಟ ತಿರುಗಿಸಿದವಳು ನಾನು.

ಹಾಗಾದರೆ ಪ್ರೀತಿಯಿಂದ ಕೊಡುವುದೇ ತಪ್ಪೆ? ಅಲ್ಲವೆಂದೇ ನನಗೆ ಈಗಲೂ ಅನಿಸುತ್ತದೆ. ಸೊಸೆಗೆ, ಗೆಳತಿಗೆ ಪುಕ್ಕಟೆ ಕೊಟ್ಟ ಚೀಲ ಯಾರ ಅಂಗಡಿಯನ್ನೂ ಮುಚ್ಚಿಸುವುದಿಲ್ಲ. ಕೊಟ್ಟರೆ ಪೂರ್ತಿ ಕೊಡಬೇಕು, ಮಾರಿದರೆ ಪೂರ್ತಿ ಬೆಲೆಗೆ ಮಾರಬೇಕು. ಮುನ್ನೂರು ರೂಪಾಯಿ ಎರಡೂ ಅಲ್ಲದ ಎಡಬಿಡಂಗಿ ಎಂದುಕೊಂಡು ಎದುರುಮನೆಗೆ ಹೋದೆ. "ಒಂಬೈನೂರು ಆಗುತ್ತದೆ. ಇಲ್ಲದಿದ್ದರೆ ಅವಳ ಹತ್ತಿರವೇ ಹೊಲಿಸಿ" ಎಂದೆ. ಆಕೆಯ ಮುಖ ಬಾಡಿತು. "ವಯಸ್ಸಾದ ಮೇಲೆ ದುಡ್ಡಿನಾಸೆ ಹತ್ತಿತೇ?" ಎಂದದ್ದು ಗೇಟು ದಾಟುವಾಗ ಕಿವಿಗೆ ಬಿತ್ತು.

ನಾನೇನೋ ನ್ಯಾಯ ಮಾಡಿದೆನೆಂದು ಬೀಗಿದ್ದೆ. ಗೃಹಪ್ರವೇಶದ ದಿನ ನನ್ನ ಕೈಗೂ ತಾಂಬೂಲ ಬಂತು: ಗಣೇಶನ ಚಿತ್ರ ಅಚ್ಚು ಹಾಕಿದ, ಪೇಟೆಯಿಂದ ಸಗಟಿಗೆ ತಂದ ಚೀಲದಲ್ಲಿ. ಎಂಬತ್ತು ರೂಪಾಯಿಯಂತೆ. ಹೊಲಿಗೆಯವಳಿಗೆ ಕೆಲಸ ಹೋಗಲಿಲ್ಲ. ಹೋಗಿತ್ತು, ಮರಳಿ ಬರಲಿಲ್ಲ.

ಮೊನ್ನೆ ಸೊಸೆಗೆಂದು ಮಾಡಿದ ಚೀಲದ ಹಿಡಿಕೆ ಓರೆಯಾಯಿತು. ಸಂಕೋಚದಿಂದಲೇ ಹಿಂದಿನ ಬೀದಿಗೆ ಹೋದೆ. ಮೊದಲಿನಂತೆಯೇ "ಬನ್ನಿ ಅಕ್ಕಾ" ಎಂದು ಸ್ಟೂಲು ಎಳೆದಳು. ಬಿಚ್ಚಿ, ನೇರ ಮಾಡಿ, ಎರಡು ಸಾಲು ಹೊಲಿಗೆ ಹಾಕಿ ದಾರ ಕತ್ತರಿಸಿದಳು. ಎಷ್ಟಾಯಿತು ಎಂದು ಅಭ್ಯಾಸಬಲದಿಂದ ಕೇಳಿದೆ.

"ಇಪ್ಪತ್ತು ರೂಪಾಯಿ ಕೊಡಿ ಅಕ್ಕಾ" ಎಂದಳು.

ಪರ್ಸು ತೆಗೆದು ಕೊಟ್ಟೆ.